ಆಧಾರಕ್ಕೆ ಐದರಾಗ ಸೊನ್ನಿ

ಹೊಸಹಳ್ಳಿ ಹೋಬಳಿ, ಕೂಡ್ಲಿಗಿ ತಾಲ್ಲೂಕು
ಶುಕ್ರವಾರ, 21 ಮಾರ್ಚ್ 2025

ಮಾತು ಬಿಟ್ಟ ಅಪ್ಪಗ ಮಾತು ಬಿಡದ ಮಗಳ ನಮಸ್ಕಾರ.

ಹೆಂಗದೀಯಪ್ಪಾ? ಎಡಗಣ್ಣಿನ ಕುಳಿಯಾಗ ನೀರು ಸೋರೋದು ಕಡಿಮಿ ಆತೇನು? ನೀ ಸಿಟ್ಟಿಲೆ ಹೊಂಟ ದಿನ ಔಷಧದ ಬಾಟ್ಲಿ ಗೂಡಿನಾಗ ಹಂಗ ಉಳೀತು. ನಮ್ಮೂರ ಭೀಮರಾಜ ಮಾಮ ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಅದಾನಲ್ಲ, ಅವನ ಕೈಲಿ ಈ ಕಾಗದದ ಜೋಡಿ ಅದನ್ನೂ ಕಳಿಸೀನಿ. ಮುಂಜಾನಿ ಎರಡು ಹನಿ, ಸಂಜಿಗೆ ಎರಡು ಹನಿ. ಒರೆಸಿಕೊಳ್ಳಾಕ ಹೆಗಲ ಮ್ಯಾಲಿನ ಟವಲ್ ಬ್ಯಾಡ, ಅತ್ತಿ ಕಡಿಂದ ಒಗೆದ ಅರಿವಿ ಈಸಿಕೊ. ಉಚ್ಚಂಗಿದುರ್ಗದಾಗ ಗಾಳಿ ಜೋರು, ಹೊರಗ ಮಲಗಬ್ಯಾಡ. ಹಂಪಕ್ಕ ಅತ್ತಿಯ ಮೊಣಕಾಲು ಹೆಂಗೈತಿ? ಗುಡ್ಡದ ಮೆಟ್ಟಿಲು ಹತ್ತಬ್ಯಾಡ ಅಂತ ಡಾಕ್ಟರ್ ಹೇಳಿದ್ರೂ ಹುಣ್ಣಿವಿಗೊಮ್ಮಿ ಹತ್ತೇ ಹತ್ತತಾಳಂತ. ನಮ್ಮ ಮನಿತನದಾಗ ಹಟ ಯಾರ ಕಡಿಂದ ಬಂತು ಅಂತ ನೀ ನನ್ನ ಬೈಯೋ ಮುಂಚೆ ನಿನ್ನ ಅಕ್ಕನ ಮುಖ ಒಮ್ಮಿ ನೋಡು.

ನೀ ಹೋಗಿ ಹನ್ನೊಂದು ದಿನ ಆತು. ಹದಿನೇಳು ಸಲ ಫೋನ್ ಹಚ್ಚೀನಿ. ಅತ್ತಿ ಎತ್ತಿ ನಿನ್ನ ಕಿವಿಗೆ ಹಿಡೀತಾಳ, ನಿನ್ನ ಉಸಿರು ಕೇಳ್ತೈತಿ, ಆಮ್ಯಾಲೆ ಮತ್ತ ಅತ್ತಿ ದನಿ. ಅದಕ್ಕ ಬರಿಯಾಕ ಕುಂತೀನಿ. ನೀ ನಾಲ್ಕನೇತ್ತ ತನಕ ಓದೀಯಲ್ಲ, ನಿನಗ ಓದಾಕ ಬರ್ತೈತಿ. ಒಂದು ಕಣ್ಣಿಗೆ ಆಯಾಸ ಆಗಬಾರದು ಅಂತ ಅಕ್ಷರ ದೊಡ್ಡವು ಮಾಡೀನಿ, ಅದಕ್ಕ ಇಷ್ಟು ಹಾಳಿ ಆಗ್ಯಾವ. ಅತ್ತಿ ಕೈಲಿ ಓದಿಸಬ್ಯಾಡ. ಇದು ನಿನಗ ಒಬ್ಬನಿಗೆ ಬರೆದಿದ್ದು.

ಮನಿ ಸುದ್ದಿ ಹೇಳಿಬಿಡ್ತೀನಿ. ಹುಣಸಿ ಬಡಿಯೋದು ಮುಗೀತು. ಅವ್ವ ಈಗ ಹಗಲೆಲ್ಲಾ ಕಟ್ಟಿ ಮ್ಯಾಲೆ ಕುಂತು ಬೀಜ ತೆಗೀತಾಳ, ಬೆರಳೆಲ್ಲಾ ಕರ್ರಗಾಗ್ಯಾವ. ಕಂದು ಮೇಕಿ ಎರಡು ಮರಿ ಹಾಕೈತಿ, ಎರಡೂ ಹೆಣ್ಣು. ಅದರಾಗ ಒಂದು ನಿನ್ನ ಹಾಸಿಗಿ ಮ್ಯಾಲೆ ಹತ್ತಿ ಮಲಗಾಕ ಕಲ್ತೈತಿ, ಎಷ್ಟು ಓಡಿಸಿದ್ರೂ ಮತ್ತ ಅಲ್ಲೇ. ಅವ್ವ ಅದಕ್ಕ ಬೈತಾಳ, ಬೈದು ತಾನಾ ಗೋಣಿಚೀಲ ಹಾಸ್ತಾಳ. ಇಷ್ಟಾ ಸುದ್ದಿ. ಇನ್ನು ಉಳಿದಿದ್ದು ನೀ ಯಾವುದಕ್ಕ ಮನಿ ಬಿಟ್ಟು ಹೋದಿಯೋ ಅದು. ಅದನ್ನ ನಿನಗ ಯಾರ್ಯಾರೋ ಮೊಬೈಲಿನಾಗ ಎರಡು ನಿಮಿಷದ ವಿಡಿಯೋ ತೋರ್ಸಿ ಹೇಳ್ಯಾರ. ಎರಡು ನಿಮಿಷದ ಹಿಂದ ಏನಿತ್ತು, ಮುಂದ ಏನಾತು ಅಂತ ಒಬ್ಬರೂ ಹೇಳಿಲ್ಲ. ನಾನು ಹೇಳ್ತೀನಿ. ಕ್ಷಮಿಸು ಅನ್ನಾಕ ಬರಿಯಾಕತ್ತೀನಿ ಅಂತ ತಿಳ್ಕೊಂಡಿದ್ರ ಈಗಲೇ ಮಡಚಿ ಇಡು.

ಪರಿಸರ ಅಧ್ಯಯನ ಅಂತ ನಮ್ಮ ಡಿಗ್ರಿಯಾಗ ಎಲ್ಲರಿಗೂ ಕಡ್ಡಾಯ ಇರೋ ಪಾಠ ಐತಿ. ಹಿಂದಿನ ವರ್ಷದವರೆಲ್ಲಾ ಗೈಡ್ ಉರು ಹೊಡೆದು ಪಾಸಾಗ್ಯಾರ. ಈ ವರ್ಷ ಅಮೃತಾ ಮೇಡಂ ಅಂತ ಬಂದಾರ, ಗೆಸ್ಟ್ ಲೆಕ್ಚರರ್, ಕೊಟ್ಟೂರಿನಿಂದ ದಿನಾ ಬಸ್ಸಿಗೆ ಓಡಾಡ್ತಾರ. ಸಣ್ಣ ಆಳು, ದನಿ ಮಾತ್ರ ಕೊನೀ ಬೆಂಚಿಗೂ ಮುಟ್ಟತೈತಿ. ಅವರು ಬಂದ ಮೊದಲ ವಾರದಾಗ ಬೋರ್ಡ್ ಮ್ಯಾಲೆ ಬರೆದ್ರು: ಇಪ್ಪತ್ತು ಮಾರ್ಕ್ಸಿಗೆ ಒಂದು ಚರ್ಚೆ ಮಾಡಬೇಕು, ವಿಷಯ ತಿಳ್ಕೊಂಡಿದ್ದಕ್ಕ ಐದು, ಆಧಾರಕ್ಕ ಐದು, ಎದುರಿನವರ ಮಾತು ಕೇಳಿಸಿಕೊಂಡಿದ್ದಕ್ಕ ಐದು, ಹೇಳೋ ರೀತಿಗೆ ಐದು. ಕೇಳಿಸಿಕೊಂಡಿದ್ದಕ್ಕೂ ಮಾರ್ಕ್ಸಾ ಅಂತ ಹುಡುಗರು ನಕ್ರು. ಮೇಡಂ ನಗಲಿಲ್ಲ. ಎದುರಿನವ ಒಂದು ಮಾತು ಹೇಳಿದ್ರ, ಅದಕ್ಕ ಉತ್ತರ ಕೊಡೋ ಮುಂಚೆ ಅದನ್ನ ನೀವು ನಿಮ್ಮ ಬಾಯಾಗ ಹೇಳಬೇಕು, ಅವನು ‘ಹೌದು, ನಾನು ಹೇಳಿದ್ದು ಇದೇ’ ಅನ್ನಬೇಕು, ಆಮ್ಯಾಲೆ ಮುಂದಿನದು ಅಂದ್ರು. ಹಂಗ ಮಾಡಿ ನೋಡಪ್ಪಾ, ಎಷ್ಟು ಕಷ್ಟ ಅಂತ ಗೊತ್ತಾಗ್ತೈತಿ. ಸಿಟ್ಟು ಬಂದಾಗಂತೂ ನಾಲಿಗಿ ಹೊಳ್ಳೋದೇ ಇಲ್ಲ.

ವಿಷಯ ಏನಂದ್ರ, ಕರಡಿ ಧಾಮದ ಗಡಿನ ನಮ್ಮ ಬೂದಿಗುಡ್ಡದ ತನಕ ತರಬೇಕೋ ಬ್ಯಾಡೋ. ನಮ್ಮ ಕ್ಲಾಸಿನಾಗ ಐವತ್ನಾಲ್ಕು ಮಂದಿ, ಅದರಾಗ ಅರ್ಧ ಮಂದಿ ಗುಡ್ಡದ ಬುಡದ ಊರಿನವರು. ಯಾವ ಕಡಿ ಮಾತಾಡಬೇಕು ಅಂತ ಚೀಟಿ ಎತ್ತಿಸಿದ್ರು. ನನಗ ಬಂದಿದ್ದು ‘ಗಡಿ ತರಬೇಕು’. ಅಂದ್ರ ಕರಡಿ ಕಡಿ. ಇಡೀ ಕ್ಲಾಸು ನನ್ನ ನೋಡ್ತು. ನಿನ್ನ ಮುಖ ಗೊತ್ತಿಲ್ಲದವರು ಯಾರದಾರ ಅಲ್ಲಿ? ನಾನು ಚೀಟಿ ಮೇಜಿನ ಮ್ಯಾಲೆ ಇಟ್ಟು, ‘ಮೇಡಂ, ನನ್ನ ಕೈಲಿ ಆಗಂಗಿಲ್ಲ, ಬದಲಿ ಮಾಡ್ರಿ’ ಅಂದೆ. ಅವರು ಅಂದ್ರು: ‘ನಿನ್ನ ಕಡಿ ನೀನಾ ಮಾತಾಡಿದ್ರ ನಾನು ಏನು ಕಲಿಸಿದಂಗಾತು? ಬ್ಯಾಡಂದ್ರ ಬ್ಯಾಡ, ಸೊನ್ನಿ ಹಾಕ್ತೀನಿ.’ ನನಗ ಎಷ್ಟು ಸಿಟ್ಟು ಬಂತಂದ್ರ ಆವತ್ತು ಊಟದ ಡಬ್ಬಿ ತೆಗಿಲಿಲ್ಲ. ಆಮ್ಯಾಲೆ ಮತ್ತೊಂದು ನೆನಪಾತು. ನನಗ ಕರಡಿ ಮ್ಯಾಲೆ ಸಿಟ್ಟೇ ಇಲ್ಲ. ನಾನು ಅದನ್ನ ಕ್ಲಾಸಿನ ಮುಂದ ನಟನಿ ಮಾಡಾಕತ್ತಿದ್ದೆ, ಪಾಲಯ್ಯನ ಮಗಳು ಹಿಂಗ ಇರಬೇಕು ಅಂತ ಮಂದಿ ತಿಳ್ಕೊಂಡಾರಲ್ಲ, ಹಂಗ.

ಯಾಕ ಸಿಟ್ಟಿಲ್ಲ ಅನ್ನೋದು ನಿನಗ ಗೊತ್ತೈತಿ. ನೀನಾ ಹೇಳಿದ್ದು. ನಾನು ಸೆಕೆಂಡ್ ಪಿಯು ಇದ್ದಾಗ, ಮಧ್ಯಾಹ್ನ, ಮೇಕಿ ದೊಡ್ಡಿಗೆ ನಾವಿಬ್ಬರೂ ಬೇಲಿ ಕಟ್ಟಾಕತ್ತಿದ್ವಿ. ಹಳ್ಳದ ಆ ಕಡಿ ಒಂದು ಕರಡಿ ಗೆದ್ದಲ ಹುತ್ತ ಕೆದರತಿತ್ತು. ನಾನು ಕಲ್ಲು ತಗೊಂಡೆ. ನೀ ನನ್ನ ಕೈ ಹಿಡಿದಿ. ಯಾಕಪ್ಪಾ ಅಂದಿದ್ದಕ್ಕ ನೀ ಬೇಲಿ ಮುಳ್ಳು ಕೆಳಗಿಟ್ಟು ಕುಂತು ಎಲ್ಲಾ ಹೇಳಿದಿ. ಊರಿಗೆಲ್ಲಾ ಗೊತ್ತಿದ್ದ ಕಥಿ ಅಂದ್ರ, ಪಾಲಯ್ಯ ಮೇಕಿಗೆ ತೊಪ್ಪಲು ತರಾಕ ಹೊಲದ ಬದುವಿಗೆ ಹೋಗಿದ್ದ, ಕರಡಿ ಮ್ಯಾಲೆ ಬಿತ್ತು. ನೀ ಆವತ್ತು ನನಗ ಹೇಳಿದ್ದು ಬ್ಯಾರೆ. ನೀ ಆಗ ಶಿವಯೋಗಪ್ಪ ಧಣೇರ ಕ್ವಾರಿಯಾಗ ಕಲ್ಲಿಗೆ ಮದ್ದು ತುಂಬೋ ಕೆಲಸಕ್ಕಿದ್ದಿ. ಬೂದಿಗುಡ್ಡದ ಉತ್ತರದ ಕಡಿ ಕಲ್ಲು ಒಡೆಯಾಕ ಅವರಿಗೆ ಪರವಾನಗಿ ಇರಲಿಲ್ಲ. ಫಾರೆಸ್ಟಿನವರು ಬರೋ ಮುಂಚೆ ಒಂದು ಸಲ ಹೊಡೆದು ಬಿಡು ಅಂತ ಶಿವರಾತ್ರಿ ಹಿಂದಿನ ವಾರ ಬೆಳಗು ಹರಿಯೋ ಹೊತ್ತಿಗೆ ಕಳಿಸಿದ್ರು. ಮದ್ದು ಹಾರ್ತು. ಧೂಳು ಇಳಿಯೋ ತನಕ ನಿಲ್ಲದೆ ನೀ ನೋಡಾಕ ಹೋದಿ. ಅಲ್ಲೊಂದು ಗವಿ ಇತ್ತು, ಅದರ ಬಾಯಿ ಕುಸಿದಿತ್ತು. ಒಂದು ಮರಿ ಕಲ್ಲಿನ ಕೆಳಗ, ಇನ್ನೊಂದು ಮರಿ ತಾಯಿ ಬೆನ್ನು ಹಿಡ್ಕೊಂಡಿತ್ತು. ‘ಅದು ನನ್ನ ಮ್ಯಾಲೆ ಬರಲಿಲ್ಲ ದುರ್ಗೀ, ನಾನು ಅದರ ಮನಿಗೆ ಹೋಗಿದ್ದೆ’ ಅಂದಿ. ಅಂದು ಬೇಲಿ ಕಟ್ಟಾಕ ಮತ್ತ ಎದ್ದಿ. ಯಾರಿಗೂ ಹೇಳಬ್ಯಾಡ ಅಂತ ನೀ ಅನ್ನಲಿಲ್ಲ. ಇದನ್ನ ನಾನು ಬಾಳ ಸಲ ನೆನಪು ಮಾಡ್ಕೊಂಡೀನಿ. ನೀ ಅನ್ನಲಿಲ್ಲ.

ಮಾರ್ಚ್ ಆರನೇ ತಾರೀಖು, ಗುರುವಾರ, ಚರ್ಚೆ ಆತು. ಬೆಂಚೆಲ್ಲಾ ಎರಡು ಕಡಿ ಎದುರುಬದುರು ಹಾಕಿದ್ರು. ನಾಲ್ಕು ನಿಮಿಷ ಆದ ಕೂಡ್ಲೆ ಮೇಡಂ ಸ್ಟೀಲ್ ಲೋಟಕ್ಕ ಪೆನ್ನಿಲೆ ಬಡಿಯೋರು. ನಮ್ಮ ಎದುರಿಗೆ ಮೌನೇಶ ಮಾತಾಡಿದ, ಗುಡ್ಡದ ಪೂರ್ವಕ್ಕ ಹೊಲ ಇರೋರ ಮಗ. ಚೊಲೊ ಮಾತಾಡಿದ ಅಪ್ಪಾ, ಸುಳ್ಳು ಹೇಳಬಾರದು. ಶೇಂಗಾ ಕಾಯಿ ಕಟ್ಟಿದ ಕೂಡ್ಲೆ ಅವರ ಮನಿ ಮಂದಿ ಪಾಳಿ ಹಚ್ಚಿ ಕಾಯೋದು, ತಗಡು ಬಡಿಯೋದು, ಅವರ ತಾತ ಓಡಾಕ ಹೋಗಿ ಬಿದ್ದು ಸೊಂಟ ಮುರ್ಕೊಂಡಿದ್ದು, ಎಲ್ಲಾ ಹೇಳಿದ. ಗಡಿ ಬಂದ್ರ ಉರುವಲು ಕಟ್ಟಿಗಿ ತರಾಕೂ ಕೇಳಬೇಕು, ಕುರಿ ಹೊಡ್ಕೊಂಡು ಹೋಗಾಕೂ ಕೇಳಬೇಕು ಅಂದ. ಕಡೀಕ ನನ್ನ ಕಡಿ ತಿರುಗಿ, ‘ಕರಡಿ ಏನು ಮಾಡ್ತೈತಿ ಅಂತ ನಾನು ಹೇಳೋದು ಬ್ಯಾಡ. ದುರ್ಗಾ, ನೀ ಮನಿಗೆ ಹೋಗಿ ನಿಮ್ಮಪ್ಪನ ಮುಖ ನೋಡು’ ಅಂದ. ಚಪ್ಪಾಳಿ ಬಿತ್ತು. ನಮ್ಮ ಕಡಿಯವರೂ ಹೊಡೆದ್ರು.

ಕಟ್ಟಳಿ ಪ್ರಕಾರ ನಾನು ಮೊದಲು ಅವನ ಮಾತು ಹೇಳಬೇಕಿತ್ತು. ಎದ್ದು ನಿಂತೆ. ಹೊಲ ಕಾಯೋದು ಹೇಳಿದೆ, ಸೊಂಟ ಮುರಿದಿದ್ದು ಹೇಳಿದೆ, ಉರುವಲು ಹೇಳಿದೆ. ‘ಕಡೀಕ ನೀ ಹೇಳಿದ್ದು, ನಮ್ಮಪ್ಪ ಪಾಲಯ್ಯನ ಮುಖ ಕರಡಿ ಹಿಂಗ ಮಾಡೈತಿ, ಅದಕ್ಕ ಕರಡಿಗೆ ಗುಡ್ಡ ಕೊಡಬಾರದು. ಹೌದಾ?’ ಅಂದೆ. ಅವನು ತಲಿ ಬಗ್ಗಿಸಿ ‘ಹೌದು’ ಅಂದ. ಆಗ ನಾನು ನಿನ್ನ ಮಾತು ಹೇಳಿದೆ. ದೊಡ್ಡಿ ಹತ್ರ ನೀ ಹೇಳಿದಂಗ, ಒಂದು ಸೇರಿಸಲಿಲ್ಲ, ಒಂದು ಬಿಡಲಿಲ್ಲ. ಧಣೇರ ಹೆಸರೊಂದು ಮಾತ್ರ ಹೇಳಲಿಲ್ಲ, ಕ್ವಾರಿ ಅಂದೆ. ಆದ್ರ ಬೂದಿಗುಡ್ಡದಾಗ ಎಷ್ಟು ಕ್ವಾರಿ ಅದಾವ? ಹೇಳಿ ಮುಗಿಸೋ ತನಕ ಮೇಡಂ ಲೋಟ ಬಡೀಲಿಲ್ಲ, ನಾಲ್ಕು ನಿಮಿಷದ ಮ್ಯಾಲೆ ಆಗಿತ್ತು. ಆಮ್ಯಾಲೆ ಕೈ ಎತ್ತಿಸಿದ್ರು. ನಮಗ ಇಪ್ಪತ್ತಮೂರು, ಅವರಿಗೆ ಮೂವತ್ತೊಂದು. ನಾವು ಸೋತ್ವಿ. ಇದನ್ನೂ ಯಾರೂ ನಿನಗ ಹೇಳಿರಲಿಕ್ಕಿಲ್ಲ.

ಯಾರೋ ಹಿಂದಿನ ಬೆಂಚಿನವ ವಿಡಿಯೋ ಮಾಡಿದ್ದ. ಶನಿವಾರ ಮಧ್ಯಾಹ್ನದೊಳಗ ಕೂಡ್ಲಿಗಿ, ಕೊಟ್ಟೂರು ಎಲ್ಲಾ ಕಡಿ ಹೋತು. ಭಾನುವಾರ ಧಣೇರ ಕಲ್ಲು ಪುಡಿ ಮಾಡೋ ಕ್ರಷರಿನಿಂದ ನಿನಗ ಫೋನ್ ಬಂತು, ಗೇಟ್ ಕಾಯಾಕ ಕೆಲವು ದಿನ ಬರಬ್ಯಾಡ, ಆರಾಮ ತಗೊ ಅಂತ. ಸೋಮವಾರ ಬೆಳಿಗ್ಗಿ ನೀ ಚೀಲ ಹೆಗಲಿಗೆ ಹಾಕ್ಕೊಂಡು ಹೊಸ್ತಿಲದಾಗ ನಿಂತು ಒಂದು ಮಾತು ಅಂದಿ. ‘ನನ್ನ ಮುಖ ತೋರ್ಸಿ ಮಾರ್ಕ್ಸ್ ತಗೊಂಡ್ಯೇನ್ ದುರ್ಗೀ?’ ಅಂದಿ. ಉತ್ತರಕ್ಕ ನೀ ನಿಲ್ಲಲಿಲ್ಲ. ಅದೇ ದಿನ ಹನ್ನೊಂದು ಗಂಟೆಗೆ ಮೇಡಂ ಮಾರ್ಕ್ಸ್ ಓದಿದ್ರು. ನನಗ ವಿಷಯಕ್ಕ ಐದು, ಕೇಳಿಸಿಕೊಂಡಿದ್ದಕ್ಕ ಐದು, ರೀತಿಗೆ ನಾಲ್ಕು. ಆಧಾರಕ್ಕ ಸೊನ್ನಿ. ನಿನ್ನ ಮುಖಕ್ಕ ನನಗ ಸಿಕ್ಕಿದ್ದು ಐದರಾಗ ಸೊನ್ನಿ ಅಪ್ಪಾ.

ನಾನು ಸ್ಟಾಫ್ ರೂಮಿಗೆ ಹೋಗಿ ಜಗಳ ತೆಗೆದೆ. ಮೇಡಂ ಡಬ್ಬಿ ಬಿಚ್ಚಿ ಮೊಸರನ್ನ ತಿನ್ನಾಕತ್ತಿದ್ರು. ‘ನಾನು ಸುಳ್ಳು ಹೇಳಿದ್ನೇನ್ರಿ?’ ಅಂದೆ. ‘ನಿಜ ಅಂತ ನನಗ ಅನಸ್ತೈತಿ. ಅನಸೋದಕ್ಕ ಮಾರ್ಕ್ಸ್ ಇಲ್ಲ. ಆಸ್ಪತ್ರಿ ಕಾಗದದಾಗ ಏನೈತಿ?’ ಅಂದ್ರು. ಹೊಲದ ಬದು ಅಂತ ಐತಿ ಅಂದೆ. ‘ನಿಮ್ಮಪ್ಪ ಯಾರ ಮುಂದಾದ್ರೂ ಹೇಳ್ಯಾರಾ?’ ನನ್ನ ಮುಂದ ಒಬ್ಬಾಕಿ ಮುಂದ ಅಂದೆ. ಅವರು ಕೈ ತೊಳ್ಕೊಂಡು ಬಂದು, ‘ಹಂಗಾದ್ರ ನಿನ್ನ ಆಧಾರ ಊರಿನಾಗ ನಡೆದಾಡಾಕತ್ತೈತಿ, ಕಾಗದದಾಗ ಇಲ್ಲ. ಅದು ಕಾಗದಕ್ಕ ಬಂದ ದಿನ ಸೊನ್ನಿ ಹೊಡೆದು ಹಾಕ್ತೀನಿ’ ಅಂದ್ರು. ನನಗ ಅವರ ಮ್ಯಾಲೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಮರುದಿನ ಮೌನೇಶ ಒಂದು ಕಲ್ಲು ಚೀಲದಾಗ ತಂದು ಅವರ ಮೇಜಿನ ಮ್ಯಾಲೆ ಇಟ್ಟ, ಎರಡು ಮುಷ್ಟಿಯಷ್ಟು ದೊಡ್ಡದು, ಒಂದು ಕಡಿ ಡ್ರಿಲ್ ಹೊಡೆದ ಅರ್ಧ ತೂತು. ಆ ವರ್ಷ ಶಿವರಾತ್ರಿ ಹಿಂದ ಬೆಳಿಗ್ಗಿ ಅವರ ಹೊಲಕ್ಕ ಹಾರಿ ಬಿದ್ದಿದ್ದಂತ, ಅವರ ತಾತ ಎತ್ತಿಟ್ಟಿದ್ದನಂತ. ‘ನಾನು ಈಗಲೂ ಗಡಿ ಬ್ಯಾಡಾ ಅಂತೀನಿ ಮೇಡಂ. ಆದ್ರ ಆಕಿ ಹೇಳಿದ್ದು ಖರೇ’ ಅಂದ. ಮೇಡಂ ಕಲ್ಲು ತಿರುವಿ ತಿರುವಿ ನೋಡಿ, ಇದು ಮದ್ದು ಹೊಡೆದಿದ್ದು ಹೇಳ್ತೈತಿ, ಯಾರು ಹೊಡೆದ್ರು, ಯಾರು ಕಳಿಸಿದ್ರು ಅಂತ ಹೇಳಂಗಿಲ್ಲ ಅಂದ್ರು. ಸೊನ್ನಿ ಹಂಗ ಉಳೀತು.

ಈಗ ಕಳೆದ ಸೋಮವಾರದ ಮಾತು. ಪ್ರಿನ್ಸಿಪಾಲರು ನನ್ನನ್ನೂ ಮೇಡಂನೂ ಕರೆಸಿದ್ರು. ಒಳಗ ಧಣೇರು ಕುಂತಿದ್ರು. ಅವರು ನಮ್ಮ ಕಾಲೇಜಿನ ಕಮಿಟಿ ಮೆಂಬರ್ ಅಂತ ನನಗ ಆವತ್ತೇ ಗೊತ್ತಾಗಿದ್ದು. ಬಾಳ ಪ್ರೀತಿಯಿಂದ ಮಾತಾಡಿದ್ರಪ್ಪಾ. ನಿನ್ನ ಆಸ್ಪತ್ರಿಗೆ ಸೇರಿಸಿದ್ದು, ಆಮ್ಯಾಲೆ ಗೇಟಿನ ಕೆಲಸ ಕೊಟ್ಟಿದ್ದು ಎಲ್ಲಾ ನೆನಪು ಮಾಡಿದ್ರು. ನಿಮ್ಮಪ್ಪಗ ವಯಸ್ಸಾತು, ಪೆಟ್ಟು ಬಿದ್ದ ತಲಿ, ಏನೋ ಹೇಳಿರ್ತಾನ ಅಂದ್ರು. ಪ್ರಿನ್ಸಿಪಾಲರು ಒಂದು ಬಿಳಿ ಹಾಳಿ, ಪೆನ್ನು ನನ್ನ ಮುಂದ ಸರಿಸಿ, ‘ಚರ್ಚೆ ಹುರುಪಿನಾಗ ಕಲ್ಪನೆ ಮಾಡಿ ಮಾತಾಡಿದೆ ಅಂತ ಬರಿ. ಹುಡುಗಿ ಅದೀ, ಮುಂದ ಓದಬೇಕು. ಇಪ್ಪತ್ತಕ್ಕ ಇಪ್ಪತ್ತು ಹಾಕಿಸ್ತೀನಿ’ ಅಂದ್ರು. ನಾನು ಮೇಡಂ ಮುಖ ನೋಡಿದೆ. ಅವರದು ವರ್ಷ ವರ್ಷಕ್ಕ ಹೊಸದಾಗಿ ಬರೆಸಿಕೊಳ್ಳೋ ಕೆಲಸ, ಅವರು ಸುಮ್ಮನಿದ್ದರೂ ನಾನು ಬೈತಿರಲಿಲ್ಲ. ಅವರು ಸುಮ್ಮನಿರಲಿಲ್ಲ. ‘ಸರ್, ಆಧಾರ ಇಲ್ಲ ಅಂತ ನಾನು ಸೊನ್ನಿ ಕೊಟ್ಟೀನಿ. ಈಕಿ ಸುಳ್ಳು ಅಂತ ಬರೆದು ಕೊಟ್ರ ಅದಕ್ಕ ಐದು ಹೆಂಗ ಕೊಡ್ಲಿರಿ?’ ಅಂದ್ರು. ಧಣೇರು ಚಾ ಲೋಟ ಕೆಳಗಿಟ್ರು. ‘ಮುಂದಿನ ಸೆಮಿಸ್ಟರ್ ನೀವು ಬರೋದು ಬ್ಯಾಡಮ್ಮ’ ಅಂದ್ರು. ಮೇಡಂ, ‘ಬರಬ್ಯಾಡ ಅನ್ನೋದನ್ನೂ, ಯಾಕ ಅನ್ನೋದನ್ನೂ ಬರೆದು ಕೊಡ್ರಿ’ ಅಂದ್ರು. ದನಿ ಒಂದಿಷ್ಟೂ ಏರಲಿಲ್ಲ.

ನಾನು ಹಾಳಿ ತಗೊಂಡೆ. ಬರವಣಿಗಿ ನೆಟ್ಟಗ ಬಂತು. ‘ನಾನು ಹೇಳಿದ್ದು ನನ್ನ ತಂದೆ ಪಾಲಯ್ಯ ನನಗೆ ಹೇಳಿದ್ದು. ಅವರು ಹೇಳಿದ್ದನ್ನು ನಾನು ನಂಬುತ್ತೇನೆ. ಒಂದು ಅಕ್ಷರವನ್ನೂ ವಾಪಸ್ ತಗೊಳ್ಳುವುದಿಲ್ಲ. ನನಗೆ ಹದಿನಾಲ್ಕು ಸಾಕು.’ ಕೆಳಗ ಸಹಿ, ರಿಜಿಸ್ಟರ್ ನಂಬರ್. ಪ್ರಿನ್ಸಿಪಾಲರು ಓದಿ, ಹಾಳಿ ಹರಿದು ಹಾಕ್ತಾರ ಅನ್ಕೊಂಡೆ. ಹರೀಲಿಲ್ಲ, ಫೈಲಿನಾಗ ಇಟ್ಕೊಂಡ್ರು. ಬುಧವಾರ ನೋಟಿಸ್ ಬೋರ್ಡಿನಾಗ ಮಾರ್ಕ್ಸ್ ಹಚ್ಚಿದ್ರು, ನನ್ನ ಹೆಸರಿನ ಮುಂದ ಹದಿನಾಲ್ಕು. ಮೇಡಂ ಹಂಗ ಕಳಿಸ್ಯಾರ. ಅವರಿಗೆ ಇನ್ನೂ ಏನೂ ಬರೆದು ಕೊಟ್ಟಿಲ್ಲ, ಅವರು ನಿನ್ನಿನೂ ಬಂದು ಪಾಠ ಮಾಡಿದ್ರು. ಮುಂದ ಏನಾಗ್ತೈತೋ ಗೊತ್ತಿಲ್ಲ.

ಅವ್ವಗ ಇದನ್ನೆಲ್ಲಾ ಹೇಳಿದಾಗ ಆಕಿ ಹುಣಸಿ ಬೀಜ ತೆಗೆಯೋದು ನಿಲ್ಲಿಸಲಿಲ್ಲ. ಮರುದಿನ ನಲ್ಲಿ ಹತ್ರ ಒಬ್ಬಾಕಿ, ‘ಮಗಳು ಕರಡಿ ಪರವಾಗಿ ವಕೀಲಿಕಿ ಮಾಡ್ಯಾಳಂತಲ್ಲ ಜಂಬಕ್ಕ, ಗಂಡನ ಕಣ್ಣು ಹೊಲದಾಗ ಹೋಗಿದ್ದು ಮರ್ತ್ಯಾ?’ ಅಂದ್ಲಂತ. ಎಂಟು ವರ್ಷ ಆ ಹೊಲದ ಕಥಿ ಹೇಳಿದಾಕಿ ಅವ್ವನಾ. ಆವತ್ತು, ‘ಹೊಲದಾಗ ಹೋಗಲಿಲ್ಲ. ಅತ್ತಾಗ ಸರಿ, ನನ್ನ ಪಾಳಿ ಬಂತು’ ಅಂದು ಕೊಡ ತುಂಬಿಸಿಕೊಂಡು ಬಂದಾಳ. ಮನಿಗೆ ಬಂದು ನನಗ ಹೇಳಿದ್ಲು. ಆವತ್ತು ಹೊಟ್ಟಿ ತುಂಬ ಉಂಡಾಳ, ನೀ ಹೋದ ಮ್ಯಾಲೆ ಮೊದಲನೇ ಸಲ.

ಇನ್ನು ನಿನ್ನ ಮಾತು. ಕಟ್ಟಳಿ ಪ್ರಕಾರ ನಿನ್ನ ಮಾತು ಮೊದಲು ನಾನು ಹೇಳ್ತೀನಿ, ತಪ್ಪಿದ್ರ ತಿದ್ದು. ನೀ ಹೇಳೋದು ಇದು: ಧಣಿ ಅವತ್ತು ಕೈ ಬಿಟ್ಟಿದ್ರ ನಾನು ಸಾಯ್ತಿದ್ದೆ. ಒಂದು ಕಣ್ಣಿನವನಿಗೆ, ಸೀಳಿದ ಗಲ್ಲದವನಿಗೆ ಬ್ಯಾರೆ ಯಾರೂ ಕೆಲಸ ಕೊಡ್ತಿರಲಿಲ್ಲ. ಆ ಗೇಟಿನ ಕೆಲಸದಾಗ ನೀ ಓದಿದಿ. ಎಂಟು ವರ್ಷ ನಾನು ಬಾಯಿ ಮುಚ್ಚಿಕೊಂಡು ಹಿಡಿದ ಮನಿನ ನೀ ನಾಲ್ಕು ನಿಮಿಷದಾಗ ಬೀದಿಗೆ ತಂದಿ. ಅದಕ್ಕೂ ಮಿಗಿಲು, ಮರಿ ಸತ್ತಿದ್ದು ನನ್ನ ಕೈಲೆ ಅನ್ನೋದು ನನ್ನೊಳಗಿನ ಮಾತು, ಅದನ್ನ ಐವತ್ನಾಲ್ಕು ಮಂದಿ ಮುಂದ ಇಡಾಕ ನಿನಗ ಯಾರು ಹೇಳಿದ್ರು? ಹೌದಾ ಅಪ್ಪಾ, ಇದೇನಾ ನೀ ಹೇಳೋದು?

ಇದು ನಿನ್ನ ಮಾತಾದ್ರ, ಈಗ ನನ್ನದು ಕೇಳು. ಕಡೀ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ನಿನ್ನ ಕೇಳಿ ಹೇಳಬೇಕಿತ್ತು, ಕೇಳಲಿಲ್ಲ. ಅಷ್ಟಕ್ಕ ನನ್ನದು ತಪ್ಪು, ಅದನ್ನ ಬರೆದು ಕೊಡ್ತೀನಿ, ನಿನಗ ಮಾತ್ರ. ಉಳಿದಿದ್ದಕ್ಕ ಇಲ್ಲ. ಆಸ್ಪತ್ರಿಗೆ ಸೇರಿಸಿದ್ರಂತ, ನಿನ್ನ ಅಲ್ಲಿಗೆ ಕಳಿಸಿದವರು ಯಾರು? ಗೇಟಿನ ಮುಂದ ನಿನ್ನ ಕೂಡಿಸಿದ್ದು ಕರುಣೆಗಲ್ಲ ಅಪ್ಪಾ, ನೀ ಬ್ಯಾರೆ ಎಲ್ಲೂ ಹೋಗಿ ಮಾತಾಡಬಾರದು ಅಂತ. ಎಂಟು ವರ್ಷದಿಂದ ಊರಿನ ಮಂದಿ ನಿನ್ನ ಮುಖ ತೋರ್ಸಿ ಕರಡಿಗೆ ಬೈತಾರ, ಮಕ್ಕಳನ್ನ ಹೆದರಿಸ್ತಾರ, ಕ್ವಾರಿಯವರು ಆ ಮುಖದ ಹಿಂದ ನಿಂತು ಉತ್ತರದ ಕಡಿ ಗುಡ್ಡ ಅರ್ಧ ಕರಗಿಸ್ಯಾರ. ನಿನ್ನ ಮುಖ ತೋರ್ಸಿ ಲಾಭ ತಗೊಂಡವರು ಬ್ಯಾರೇನಾ ಅದಾರ. ನಾನು ತಗೊಂಡಿದ್ದು ಸೊನ್ನಿ. ಆ ಸೊನ್ನಿನ ನಾನು ಬಿಟ್ಟು ಕೊಡೋದಿಲ್ಲ, ಅವರ ಇಪ್ಪತ್ತು ನನಗ ಬ್ಯಾಡ.

ಅತ್ತಿಗೆ ನನ್ನ ನಮಸ್ಕಾರ ಹೇಳು, ಮೊಣಕಾಲಿಗೆ ಬಿಸಿ ಎಣ್ಣಿ ಹಚ್ಚಿಕೊಳ್ಳಾಕ ಹೇಳು. ನೀ ಹೊಟ್ಟಿ ತುಂಬ ಉಣ್ಣು. ಸಿಟ್ಟು ಇದ್ರ ಇರಲಿ, ಸಿಟ್ಟಿನಾಗಾದ್ರೂ ಒಂದು ಮಾತಾಡು. ನೀ ಎಷ್ಟು ದಿನ ಅಲ್ಲಿದ್ರೂ ಇಲ್ಲಿ ನಿನ್ನ ತಾಟು ತೊಳೆದು ಕವುಚಿ ಇಟ್ಟಿರ್ತೈತಿ.

ನಿನ್ನ ಹಟಮಾರಿ ಮಗಳು,
ದುರ್ಗಾ

ಇನ್ನೊಂದು, ಅವಸರದಾಗ: ಮೇಲಿನದೆಲ್ಲಾ ಬರೆದು ಮಡಚಿದ್ದೆ, ಮತ್ತ ಬಿಚ್ಚೀನಿ. ಭೀಮರಾಜ ಮಾಮ ಬಾಗಿಲಾಗ ನಿಂತಾನ, ಬಸ್ಸಿಗೆ ಹೊತ್ತಾತು. ಈಗಷ್ಟೇ ಕ್ರಷರ್ ಸೂಪರ್‌ವೈಜರ್ ರಾಮಾಂಜನೇಯ ಬಂದು ಅವ್ವನ ಹತ್ರ ಅತ್ತಿ ಮನಿ ಎಲ್ಲಿ ಅಂತ ಕೇಳಿ ಹೋದ. ಅವ್ವ ಹೇಳಲಿಲ್ಲ, ಓಣ್ಯಾಗ ಬ್ಯಾರೆ ಯಾರೋ ಹೇಳಿಬಿಟ್ರು. ಭಾನುವಾರ ನಿನ್ನ ಹತ್ರ ಬರ್ತಾನ. ಅವನ ಕೈಲಿ ಟೈಪ್ ಮಾಡಿದ ಸ್ಟ್ಯಾಂಪ್ ಪೇಪರ್ ಐತಿ, ನಾನು ನೋಡೀನಿ: ಪಾಲಯ್ಯನಾದ ನಾನು ಹೊಲದಾಗ ಇದ್ದಾಗ ಕರಡಿ ಬಂತು, ಕ್ವಾರಿಗೂ ಇದಕ್ಕೂ ಸಂಬಂಧ ಇಲ್ಲ, ನನ್ನ ಮಗಳು ಹೇಳಿದ್ದು ಸುಳ್ಳು ಅಂತ. ಸಹಿ ಹಾಕಿದ್ರ ಗೇಟಿನ ಕೆಲಸ ವಾಪಸ್ಸಂತ. ಅಪ್ಪಾ, ಆಸ್ಪತ್ರಿ ಕಾಗದದಾಗ ನಿನ್ನ ಸಹಿ ಇಲ್ಲ, ಹೆಬ್ಬೆಟ್ಟು ಐತಿ. ಸಹಿ ಬರೋ ಮನುಷ್ಯನ ಹೆಬ್ಬೆಟ್ಟು. ನಿನಗ ಎಚ್ಚರ ಇಲ್ಲದಾಗ ಒತ್ತಿಸಿಕೊಂಡಾರ, ಮೊನ್ನಿ ಪೆಟ್ಟಿಗಿಯಾಗ ಹುಡುಕಿ ನೋಡಿದೆ. ಈಗ ನೀ ಎಚ್ಚರದಾಗ ಅದೀ. ಅವನು ಬಂದ್ರ ಹೆದರಬ್ಯಾಡ, ಜಗಳನೂ ಬ್ಯಾಡ. ಕಾಗದ ಇಸ್ಕೊ, ಕೊನೀ ಸಾಲಿನ ತನಕ ಅವನ ಮುಂದನಾ ಓದು, ಸಹಿ ಹಾಕದೆ ಮಡಚಿ ಅವನ ಕೈಗೆ ಕೊಡು. ಅತ್ತಿಗೆ ಹೇಳಿ ಒಂದು ಲೋಟ ಚಾ ಕುಡಿಸಿ ಕಳಿಸು.